ಹೇಳಿದವರ ಹೆಸರು

ಮಣ್ಣಾದ ಮೂರನೆಯ ದಿನದ ಜಿಯಾರತ್ ಮುಗಿಸಿ ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಅತ್ತೆ ಒಲೆ ಹಚ್ಚಿದರು. ಅಲ್ಲಿಯವರೆಗೆ ಓಣಿಯವರೇ ಅನ್ನ ಕಳಿಸುತ್ತಿದ್ದರು. ಕಡ್ಡಿ ಗೀರಿದ ಸಪ್ಪಳಕ್ಕೆ ಎದ್ದೆ. ಎದುರು ಮನೆಯಲ್ಲಿ ಮಗ್ಗ ಎಂದಿನಂತೆ ಶುರುವಾಗಿತ್ತು. ನಲ್ಲಿಗೆ ನೀರು ಬಂದಿತ್ತು. ಯಾರೂ ಅಳುತ್ತಿರಲಿಲ್ಲ.

ಫೋನಿನಲ್ಲಿ ಒಂದು ಮೆಸೇಜು ಇತ್ತು. ಬಾದಾಮಿಯ ಸುರೇಖಾ ಕಳಿಸಿದ್ದು. "ಮೇಡಂ, ನನ್ನ ಆಕರಸೂಚಿ ಮುಗೀತೇನ್ರಿ? ಗೈಡ್ ಕೇಳಾಕತ್ತಾರ." ಅವಳಿಗೆ ವಿಷಯ ಗೊತ್ತಿರಲಿಲ್ಲ. "ಸಂಜೀತನಕ ಕಳಸ್ತೇನಿ" ಎಂದು ಬರೆದು ಲ್ಯಾಪ್‌ಟಾಪ್ ತೆರೆದೆ.

ಇದು ನನ್ನ ಕೆಲಸ. ಧಾರವಾಡದಲ್ಲಿ ಗ್ರಂಥಾಲಯ ವಿಜ್ಞಾನ ಓದಿದೆ. ಮದುವೆಯಾಗಿ ಇಳಕಲ್ಲಿಗೆ ಬಂದ ಮೇಲೆ ನೌಕರಿ ಸಿಗಲಿಲ್ಲ. ಸಂಶೋಧನೆ ಮಾಡುವವರ ಲೇಖನಗಳ ಕೊನೆಗೆ ಬರುವ ಆಕರಸೂಚಿಯನ್ನು ಪತ್ರಿಕೆಯವರು ಕೇಳಿದ ಕ್ರಮಕ್ಕೆ ತಂದುಕೊಡುತ್ತೇನೆ. ಯಾರು ಬರೆದದ್ದು, ಯಾವ ವರ್ಷ, ಯಾವ ಪುಸ್ತಕ, ಯಾವ ಊರಿನ ಪ್ರಕಾಶನ, ಯಾವ ಪುಟ. ಒಬ್ಬರಿಗೆ ವರ್ಷ ಕಂಸದೊಳಗೆ ಬೇಕು, ಇನ್ನೊಬ್ಬರಿಗೆ ಕೊನೆಯಲ್ಲಿ ಬೇಕು. ಒಬ್ಬರು ಪುಸ್ತಕದ ಹೆಸರನ್ನು ಓರೆ ಅಕ್ಷರದಲ್ಲಿ ಕೇಳುತ್ತಾರೆ, ಇನ್ನೊಬ್ಬರು ದಪ್ಪ ಅಕ್ಷರದಲ್ಲಿ. ಇವೆಲ್ಲ ಬದಲಾಗುತ್ತವೆ. ಬದಲಾಗದ ನಿಯಮ ಒಂದೇ. ಲೇಖನದೊಳಗೆ ಹೆಸರು ಬಂದವರೆಲ್ಲ ಕೊನೆಯ ಪಟ್ಟಿಯಲ್ಲಿ ಇರಬೇಕು, ಪಟ್ಟಿಯಲ್ಲಿ ಇರುವವರೆಲ್ಲ ಒಳಗೆ ಎಲ್ಲಾದರೂ ಬಂದಿರಬೇಕು.

ಆ ದಿನ ಅದು ಸುಲಭವಾಗಿತ್ತು. ಅಲ್ಪವಿರಾಮ ಇರಬೇಕಾದಲ್ಲಿ ಇದೆಯೇ ಎಂದು ನೋಡುವುದಕ್ಕೆ ಮನುಷ್ಯ ಪೂರ್ತಿ ಎಚ್ಚರವಿರಬೇಕಾಗಿಲ್ಲ.

ಅತ್ತೆ ಚಹಾ ತಂದಿಟ್ಟು ಸ್ವಲ್ಪ ಹೊತ್ತು ನೋಡಿದರು. ನಾನು ಇದ್ದತ್ತಿನಲ್ಲಿದ್ದೆ. ಗಂಡ ತೀರಿದ ಹೆಂಗಸು ನಾಲ್ಕು ತಿಂಗಳ ಮೇಲೆ ಹತ್ತು ದಿನ ಮನೆ ಬಿಟ್ಟು ಹೊರಗೆ ಹೋಗುವಂತಿಲ್ಲ, ಪರಗಂಡಸರ ಎದುರಿಗೆ ಬರುವಂತಿಲ್ಲ. ಮನೆಯೊಳಗೆ ಕೂತು ಕೆಲಸ ಮಾಡಬಾರದೆಂದು ಯಾರೂ ಹೇಳಿರಲಿಲ್ಲ.

ಅತ್ತೆಯ ಹೆಸರು ಜೈನಬಿ. ತವರು ಶಿರೂರು. ಅಲ್ಲಿ ಮನೆಯೊಳಗೂ ಕನ್ನಡವನ್ನೇ ಆಡುತ್ತಾರಾದ್ದರಿಂದ ಇಲ್ಲಿಯೂ ಅದನ್ನೇ ತಂದರು. ಆಮೇಲೆ ಮನೆಯವರೆಲ್ಲ ಅದಕ್ಕೇ ಸೇರಿಕೊಂಡೆವು.

ಅಫ್ಸರ ಅವರ ಒಬ್ಬನೇ ಮಗ. ಬಾಗಲಕೋಟೆಯ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತಿದ್ದ. ಕುಳಗೇರಿ ಕ್ರಾಸಿನ ಚಹಾದಂಗಡಿಯಲ್ಲಿ ಕೂತಲ್ಲೇ ಎದೆ ಹಿಡಿದುಕೊಂಡನಂತೆ. ದವಾಖಾನೆಗೆ ಒಯ್ಯುವ ಹೊತ್ತಿಗೆ ಏನೂ ಉಳಿದಿರಲಿಲ್ಲ. ಮೂವತ್ನಾಲ್ಕು ವರ್ಷ.

ಬರೆಯುವಾಗ ಹೀಗೆ ಅಫ್ಸರ ಎನ್ನುತ್ತೇನೆ. ಬಾಯಿಂದ ಆ ಹೆಸರನ್ನು ನಾನು ಎಂದೂ ಹೇಳಿರಲಿಲ್ಲ. ನಮ್ಮಲ್ಲಿ ಗಂಡನ ಹೆಸರು ಹೇಳುವುದಿಲ್ಲ. ಮಂದಿಯ ಮುಂದೆ "ಅವರು" ಅನ್ನುತ್ತಿದ್ದೆ. ಇಬ್ಬರೇ ಇದ್ದಾಗ "ಕೇಳ್ರಿಲ್ಲೆ" ಅಂದರೆ ಸಾಕಾಗುತ್ತಿತ್ತು.

ಅವನ ಗೆಳೆಯ ನಿಂಗರಾಜ, ಅದೇ ಕಾಲೇಜಿನವನು, ಕ್ರಾಸಿನಿಂದ ಅವನ ಗಾಡಿಯನ್ನು ತಂದು ಅಂಗಳದಲ್ಲಿ ನಿಲ್ಲಿಸಿ ಹೋಗಿದ್ದ. ಆ ಬೆಳಿಗ್ಗೆ ಅತ್ತೆ ಅದನ್ನು ಒರೆಸಲು ಹೋದರು. ಹಿಂದಿನ ಸೀಟಿಗೆ ಒಂದು ಕಂಬಳಿ ಕಟ್ಟಿತ್ತು. ಕರಿ ಕಂಬಳಿ, ಅಂಚಿಗೆ ಬಿಳಿ ಗೆರೆ.

"ಇದು ನಮ್ಮದಲ್ಲ. ಕುರಿ ನಾತ ಹೊಡೀತೈತಿ. ಯಾರದಿದು ಆಫ್ರೀನ?"

"ಯಾರೋ ಕುರಿಗಾರರದಿರಬೇಕು ಅಮ್ಮೀ. ಅವರು ಕುರಿಹಟ್ಟ್ಯಾಗ ಅಡ್ಡಾಡತಿದ್ರಲ್ಲ."

"ಇರಬೇಕು ಅಂದ್ರ ನಡಿಯೂದಿಲ್ಲ. ಯಾರದು ಅಂತ ಗೊತ್ತಾಗಬೇಕು. ಎರವಲು ತಂದದ್ದು ಮನ್ಯಾಗ ಉಳದ್ರ ಅಂವಗ ಅಲ್ಲಿ ನೆಮ್ಮದಿ ಎಲ್ಲೀದು?"

ಮಣ್ಣಿಗಿಡುವ ಮುನ್ನ, ಜನಾಜಾದ ನಮಾಜಿಗೆ ಮೊದಲು, ಇವನ ಮೇಲೆ ಯಾರದಾದರೂ ಬಾಕಿ ಇದ್ದರೆ ಹೇಳಿರಿ ಎಂದು ಕೇಳಿದ್ದರಂತೆ. ಯಾರೂ ಮಾತಾಡಿರಲಿಲ್ಲ. ಕಂಬಳಿಯವನು ಅಲ್ಲಿ ಇರಲಿಲ್ಲ.

ಅತ್ತೆ ಕಂಬಳಿಯನ್ನು ಬಿಸಿಲಿಗೆ ಹಾಕಿದರು. ಸಂಜೆ ಮಡಚಿ ಟ್ರಂಕಿನ ಮೇಲೆ ಇಟ್ಟರು. ಮರುದಿನ ಮತ್ತೆ ಬಿಸಿಲಿಗೆ ಹಾಕಿದರು.

ಸುರೇಖಾಳ ಆಕರಸೂಚಿಯನ್ನು ಸಂಜೆಗೆ ಕಳಿಸಿದೆ. "ಥ್ಯಾಂಕ್ಸ್ ಮೇಡಂ, ಸರ್ ಆರಾಮದಾರೇನ್ರಿ" ಎಂದು ಬರೆದಿದ್ದಳು.

*

ಕೆಲವು ದಿನಗಳ ಮೇಲೆ ನಿಂಗರಾಜ ಫೋನು ಮಾಡಿದ.

"ಭಾಬಿ, ಅವನ ಮೇಲ್ ಒಮ್ಮಿ ತಗದ ನೋಡ್ರಿ. ಪತ್ರಿಕೆಯವರು ನನಗ ಫೋನ್ ಮಾಡಿದ್ರು. ಲೇಖನ ತಗೊಂಡಾರಂತ."

ಅಫ್ಸರ ಎರಡು ವರ್ಷ ಕುರಿಗಾರರ ಹಿಂದೆ ತಿರುಗಿ ಬರೆದ ಲೇಖನ ಅದು. ಬೇವೂರಿನ ಒಂದು ಮನೆತನ, ಬೀರಪ್ಪನ ಒಕ್ಕಲು. ಚಳಿಗಾಲದಲ್ಲಿ ಕುರಿ ಹೊಡೆದುಕೊಂಡು ಬಾದಾಮಿಯ ಗುಡ್ಡಗಳ ಕಡೆಗೆ ಹೋಗುತ್ತಾರೆ. ದಾರಿಯಲ್ಲಿ ಹಳ್ಳದ ಉಸುಕು ತೋಡಿ ನೀರು ತೆಗೆಯುವ ಜಾಗಗಳಿವೆ. ಅವಕ್ಕೆ ಒರತಿ ಎನ್ನುತ್ತಾರೆ. ಯಾವ ಒರತಿಯನ್ನು ಮೊದಲು ಯಾರು ತೋಡಿದರೋ ಅದಕ್ಕೆ ಅವರ ಹೆಸರು. ಹಣಮಪ್ಪನ ಒರತಿ, ಸೋಮವ್ವನ ಒರತಿ. ಕುಡಿಯುವ ಮೊದಲು ಒಂದು ಬೊಗಸೆ ನೀರನ್ನು ನೆಲಕ್ಕೆ ಬಿಟ್ಟು ಆ ಹೆಸರನ್ನು ಬಾಯಿಬಿಟ್ಟು ಹೇಳಬೇಕು. ಹೆಸರು ಗೊತ್ತಿಲ್ಲದವನು ಗೊತ್ತಿದ್ದವನನ್ನು ಕೇಳಿ, ಹೇಳಿ, ಆಮೇಲೆ ಕುಡಿಯಬೇಕು. ಲೇಖನ ಇದರ ಮೇಲೆಯೇ ನಿಂತಿತ್ತು. ಅವನ ಹೆಸರಿನಲ್ಲಿ ಅಚ್ಚಾಗಲಿದ್ದ ಮೊದಲ ಲೇಖನ.

ಪತ್ರಿಕೆಯವರು ಎರಡು ಕೇಳಿದ್ದರು. ಆಕರಸೂಚಿ ತಮ್ಮ ಕ್ರಮದಲ್ಲಿರಬೇಕು. ಬಾಯಿಮಾತಿನ ಆಕರ ಇದ್ದಲ್ಲಿ, ಹೇಳಿದವರು ಸಹಿ ಮಾಡಿದ ಒಪ್ಪಿಗೆ ಬೇಕು. ಒಪ್ಪಿಗೆ ಇಲ್ಲದಿದ್ದರೆ ಆ ಹೆಸರನ್ನೂ ಅದರ ಮೇಲೆ ನಿಂತ ವಾಕ್ಯಗಳನ್ನೂ ತೆಗೆಯಬೇಕು.

ಲೇಖಕರು ತೀರಿಕೊಂಡಿದ್ದಾರೆ ಎಂದು ಬರೆದೆ. ಸಂಪಾದಕರು ಮರುದಿನವೇ ಉತ್ತರಿಸಿದರು. ಒಳ್ಳೆಯ ಮಾತು ಬರೆದಿದ್ದರು. ಮನೆಯವರು ಮುಗಿಸಿಕೊಟ್ಟರೆ ಖಂಡಿತ ಪ್ರಕಟಿಸುತ್ತೇವೆ, ಆದರೆ ಸಂಚಿಕೆ ಅಚ್ಚಿಗೆ ಹೋಗುವ ದಿನವನ್ನು ಮುಂದೂಡಲು ಆಗುವುದಿಲ್ಲ, ಯುಗಾದಿಯ ಒಳಗೆ ಬೇಕು ಎಂದಿದ್ದರು.

ಅವನ ಆಕರಸೂಚಿಯನ್ನು ತೆರೆದೆ. ಜಿಲ್ಲೆಯ ಮಂದಿಗೆಲ್ಲ ಈ ಕೆಲಸ ಮಾಡಿಕೊಡುತ್ತಿದ್ದೆ, ಅವನದನ್ನು ಮಾತ್ರ ಎಂದೂ ಮುಟ್ಟಿರಲಿಲ್ಲ. ಕೇಳಿದಾಗಲೆಲ್ಲ, "ನಿನ್ನ ಕಡೆ ಪಾಳಿ ಭಾಳ ಐತಿ. ನಾ ಕಡೀಕ ನಿಂದರತೇನಿ" ಅನ್ನುತ್ತಿದ್ದ.

ಪಟ್ಟಿ ಹೀಗಿತ್ತು:

ನೀಲಿ ರಟ್ಟಿನ ಪುಸ್ತಕ. ಹುನಗುಂದ ಲೈಬ್ರರಿ, ಮ್ಯಾಲಿನ ಸಾಲು. ಪುಟ: ಚಾ ಬಿದ್ದದ್ದು.

ಗೆಝೆಟಿಯರ್ (ಹಳೇದು).

ನಿಂಗರಾಜನ ಕೂಡ ಜಗಳಾಡಿದ ಲೇಖನ.

ಅದೇ, ಎರಡನೇ ಸಲ ಜಗಳಾಡಿದ್ದು.

ಬೇರೆ ಯಾರಾದರೂ ಕಳಿಸಿದ್ದರೆ ಸಿಟ್ಟು ಬರುತ್ತಿತ್ತು. ಸಿಟ್ಟೂ ಬರಲಿಲ್ಲ, ನಗೆಯೂ ಬರಲಿಲ್ಲ. ನಿಂಗರಾಜನಿಗೆ ಫೋನು ಮಾಡಿದೆ.

ಜಗಳದ ಎರಡು ಲೇಖನಗಳ ಹೆಸರು, ವರ್ಷ, ಪುಟ ಎಲ್ಲವನ್ನೂ ಅವನು ನಿಂತ ನಿಲುವಿನಲ್ಲಿ ಹೇಳಿದ. "ಎರಡರಾಗೂ ನಂದ ಖರೇ ಇತ್ತು ಭಾಬಿ. ಅದನ್ನೂ ಬರಕೋರಿ" ಅಂದ. ನೀಲಿ ಪುಸ್ತಕವನ್ನು ತಾನೇ ಹುಡುಕುತ್ತೇನೆ ಎಂದು ಫೋನು ಇಟ್ಟ.

ಶನಿವಾರ ಹುನಗುಂದದಿಂದ ಅವನೇ ಫೋನು ಮಾಡಿದ.

"ಭಾಬಿ, ಮ್ಯಾಲಿನ ಸಾಲೆಲ್ಲಾ ನೀಲಿ ರಟ್ಟ ಅದಾವ."

"ಚಾ ಬಿದ್ದದ್ದ ನೋಡ್ರಿ."

"ಎಲ್ಲಾದರ ಮ್ಯಾಲೂ ಬಿದ್ದೈತ್ರಿ. ಈ ಲೈಬ್ರರಿ ಮುಂದ ಹೋಟೆಲ್ ಐತಿ."

"ಒರತಿ ಅಂತ ಎಲ್ಲಿ ಬಂದೈತಿ ನೋಡ್ರಿ ಹಂಗಾರ."

ಸಂಜೆಯವರೆಗೆ ಹುಡುಕಿದ. ಸಿಕ್ಕಿತು. ಪುಟದ ಫೋಟೋ ಕಳಿಸಿದ. ಚಹಾದ ಕಲೆ ಬಾಗಲಕೋಟೆ ಜಿಲ್ಲೆಯ ನಕ್ಷೆಯ ಹಾಗೆಯೇ ಇದೆ ಎಂದು ಕೆಳಗೆ ಬರೆದಿದ್ದ. ಇರಲಿಲ್ಲ.

ಪುಸ್ತಕಗಳು ಮುಗಿದವು. ಬಾಯಿಮಾತಿನ ಆಕರಗಳಿಗೆ ಬಂದೆ. ಲೇಖನದ ಉದ್ದಕ್ಕೂ ಕಂಸದೊಳಗೆ (ಅಮಸಿದ್ದಪ್ಪ, ಮೌಖಿಕ) ಎಂದಿತ್ತು. ಆ ಬೇವೂರಿನ ಮನೆತನದ ಹಿರಿಯ. ಅಫ್ಸರ ಹೋಗುತ್ತಿದ್ದದ್ದು ಅವನ ಹಟ್ಟಿಗೆ. ಕೊನೆಯ ಪುಟದಲ್ಲಿ ಮಾತ್ರ ಇನ್ನೊಂದು ಹೆಸರು ಇತ್ತು.

"ಹೀಗೆ ನೋಡಿದರೆ ಇವು ಬರೀ ಸ್ಥಳನಾಮಗಳಲ್ಲ. ನೀರು ತೋರಿಸಿದವರ ಹೆಸರನ್ನು ನೀರಿನ ಜೊತೆಗೇ ಹೊತ್ತುಕೊಂಡು ನಡೆಯುವ ಒಂದು ಕ್ರಮ (ಆಫ್ರೀನ, ಮೌಖಿಕ)."

ಎರಡು ಸಲ ಓದಿದೆ. ಆಫ್ರೀನ ಎಂದರೆ ನಾನು.

ನಾನು ಹೀಗೆ ಹೇಳಿದ್ದು ನನಗೆ ನೆನಪಿರಲಿಲ್ಲ.

ಅವನು ಊಟಕ್ಕೆ ಕೂತಾಗ ಒರತಿಗಳ ಸುದ್ದಿ ಹೇಳುತ್ತಿದ್ದ. ನಾನು ಹೂಂ ಅನ್ನುತ್ತಿದ್ದೆ. ಏನೋ ಅಂದಿರಬಹುದು. ಅಂದಿರದೆಯೂ ಇರಬಹುದು. ನನ್ನನ್ನು ಖುಷಿಪಡಿಸಲು ತನ್ನ ಮಾತಿಗೆ ನನ್ನ ಹೆಸರು ಹಾಕಿದನೇ? ಹಾಗೆ ಮಾಡುವವನೇ? ಅದೂ ನೆನಪಾಗಲಿಲ್ಲ. ಆ ದಿನಗಳಲ್ಲಿ ಅವನ ಮುಖವನ್ನು ನೆನೆಯಹೋದರೂ ಗಾಡಿಯ ನಂಬರ್ ಪ್ಲೇಟು ಕಾಣುತ್ತಿತ್ತು.

ಪತ್ರಿಕೆಯವರ ನಿಯಮದಂತೆ ನಾನು ನನ್ನದೇ ಮಾತಿಗೆ ಒಪ್ಪಿಗೆ ಬರೆದುಕೊಡಬೇಕು. ಮೇಲಿನದನ್ನು ನಾನೇ ಹೇಳಿದ್ದೇನೆ ಎಂದು ಸಹಿ ಮಾಡಬೇಕು. ನೆನಪಿಲ್ಲದೆ ಮಾಡಿದರೆ ಅದು ಸುಳ್ಳು. ನನ್ನ ಹೆಸರನ್ನಷ್ಟೇ ತೆಗೆದರೆ ಮಾತು ಅವನದಾಗುತ್ತದೆ. ತನ್ನದಲ್ಲ ಎಂದು ಅವನೇ ಬರೆದಿಟ್ಟಿದ್ದಾನೆ. ವಾಕ್ಯವನ್ನೇ ತೆಗೆದರೆ ಲೇಖನಕ್ಕೆ ತುದಿ ಇರುವುದಿಲ್ಲ. ಅವನು ನನ್ನ ಹೆಸರು ಬರೆದ ಜಾಗವೂ ಅದೊಂದೇ.

ಆಕರ ಖಾತ್ರಿಯಾಗದಿದ್ದರೆ ವಾಕ್ಯ ತೆಗೆಯಿರಿ ಎಂದು ಸುರೇಖಾಳಿಗೆ, ಅವಳಂಥ ಎಷ್ಟೋ ಜನರಿಗೆ ಹೇಳಿದ್ದೇನೆ. ವಾಕ್ಯವನ್ನು ತೆಗೆದೆ. ಬೇರೆ ಫೈಲಿನಲ್ಲಿ ಇಟ್ಟೆ. ಲೇಖನ ಅರ್ಧ ಮಾತಿಗೆ ನಿಂತಿತು. ಹಾಗೆಯೇ ಬಿಟ್ಟು ಅಕ್ಕಿ ಆರಿಸಲು ಹೋದೆ.

*

ಅಮಸಿದ್ದಪ್ಪನಿಗೆ ನಿಂಗರಾಜ ಹೇಳಿಕಳಿಸಿದ. ಯುಗಾದಿ ಹತ್ತಿರ ಬಂದರೂ ಅವನ ಸುಳಿವಿರಲಿಲ್ಲ. ಅವನ ಒಪ್ಪಿಗೆ ಇಲ್ಲದಿದ್ದರೆ ಲೇಖನದಲ್ಲಿ ಉಳಿಯುತ್ತಿದ್ದದ್ದು ನೀಲಿ ರಟ್ಟು ಮತ್ತು ಜಗಳ ಮಾತ್ರ.

ಒಂದು ಮಧ್ಯಾಹ್ನ ಬಾಗಿಲಲ್ಲಿ ಕೋಲಿನ ಸಪ್ಪಳವಾಯಿತು.

"ಮನ್ಯಾಗ ಯಾರದಾರ್ರೀ? ನಾ ಬೇವೂರ ಅಮಸಿದ್ದಪ್ಪರಿ. ಮಾಸ್ತರ ಬರತಿದ್ರಲ್ಲ, ಆ ಹಟ್ಟಿಯಾಂವ."

ಅತ್ತೆ ಅವನನ್ನು ಕಟ್ಟೆಯ ಮೇಲೆ ಕೂಡಿಸಿ ಚಹಾ ಕೊಟ್ಟರು. ಬಾಗಿಲಿಗೆ ಪರದೆ ಬಿಟ್ಟಿತ್ತು. ನಾನು ಒಳಗೆ ಗೋಡೆಗೆ ಒರಗಿ ಕೂತೆ. ಪರದೆಯ ಕೆಳಗೆ ಅವನ ಜೋಡು, ಕೋಲಿನ ತುದಿ ಕಾಣುತ್ತಿದ್ದವು.

ಬಸಿಯಲ್ಲಿ ಚಹಾ ಹೀರುವ ಸದ್ದು ಬರುತ್ತಿತ್ತು.

"ಅವತ್ತ ನಾ ಕ್ರಾಸಿಗೆ ಬರಾಂವಿದ್ದೆ, ತಂಗಿ" ಅಂದ. "ಒಂದ ಕುರಿ ಈಯಾಕತ್ತಿತ್ತು. ಬಿಟ್ಟ ಬರಾಕ ಆಗಲಿಲ್ಲ. ಚಾ ಕುಡಕೋತ ಕುಂದರ್ರಿ ಮಾಸ್ತರ, ಬಂದೆ ಅಂತ ಯಾರದೋ ಫೋನ್ಯಾಗ ಹೇಳಿದೆ. ಬರೂದ್ರಾಗ..."

ನಾನು ಏನಾದರೂ ಅನ್ನಬೇಕಾಗಿತ್ತು. "ಮರಿ ಉಳೀತೇನ್ರಿ?" ಎಂದು ಕೇಳಿದೆ.

"ಉಳೀತವ್ವಾ. ಹೆಣ್ಣಮರಿ. ಈಗ ಜಿಗದಾಡಾಕತ್ತೈತಿ."

ಅತ್ತೆ ಮೂಗು ಒರೆಸಿಕೊಂಡರು. ಒಳಗೆ ಬಂದು ಟ್ರಂಕಿನ ಮೇಲಿನ ಕಂಬಳಿ ಒಯ್ದರು. "ಇದು ನಿಮ್ಮದ ಏನಪಾ ನೋಡು."

"ಹೌದ್ರಿ, ನಮ್ಮದ. ಅವತ್ತ ಇದನ್ನ ಕೊಡಾಕನ ಬರಾಕತ್ತಿದ್ರು ಮಾಸ್ತರ."

"ತಗೊಂಡ ಹೋಗಪಾ, ನಿನಗ ಪುಣ್ಯಾ ಬರತೈತಿ. ನಮ್ಮ ಹುಡಗನ ಮ್ಯಾಲ ಇದೊಂದ ಉಳದಿತ್ತು."

ಅವನು ಕಂಬಳಿಯನ್ನು ಪಕ್ಕಕ್ಕಿಟ್ಟ. "ಮೊದಲ ತಂಗಿ ಕೆಲಸ ಮುಗೀಲಿ" ಅಂದ.

ನಾನು ಒಪ್ಪಿಗೆಯ ಮಾತನ್ನು ಒಳಗಿನಿಂದಲೇ ಓದಿದೆ. ಒರತಿಗಳ ಹೆಸರು, ಅವನ್ನು ತೋಡಿದವರ ವಿವರ, ನೀರು ಬಿಡುವ ಪದ್ಧತಿ, ಇವೆಲ್ಲ ನಾನು ಹೇಳಿದ ಮಾಹಿತಿ. ನನ್ನ ಹೆಸರಿನಲ್ಲಿ ಅಚ್ಚು ಮಾಡಲು ಒಪ್ಪಿಗೆ ಇದೆ.

"ಹಂಗ ಬರದಿದ್ರ ನಾ ಸಹಿ ಮಾಡಂಗಿಲ್ಲ."

"ಯಾಕ್ರಿ? ನೀವ ಹೇಳೀರಲ್ಲ?"

"ಹೇಳೇನಿ. ಆದ್ರ ಅದು ನಂದಲ್ಲ. ನಮ್ಮ ಅತ್ತಿ ಸೋಮವ್ವ ನನಗ ಹೇಳಿದ್ದು. ಆಕಿ ತೀರಿ ಭಾಳ ವರ್ಷಾತು. ನಾಳೆ ಇದು ಅಚ್ಚಾಗಿ ಬಂತಂದ್ರ ನಮ್ಮ ಮಂದಿ ಸುಮ್ಮನಿರತಾರೇನು? ಅಮಸಿದ್ದ ಸೋಮವ್ವನ ಒರತಿ ತನ್ನ ಹೆಸರಿಗೆ ಬರಿಸಿಕೊಂಡ ಅಂತಾರ. ಕಂಬಳಿ ಹಾಸಿ ಪಂಚಾಯ್ತಿ ಕೂಡಿಸಿ ಕೇಳತಾರ." ಬಸಿ ಕೆಳಗಿಟ್ಟು, "ಅಲ್ಲ, ಇದನ್ನ ಓದಾವ್ರ ಎಷ್ಟ ಮಂದಿ?" ಎಂದ.

"ಭಾಳ ಅಂದ್ರ ನೂರ ಮಂದಿ."

"ನೂರ? ಅದಕ್ಕ ಇಷ್ಟ ಗದ್ದಲೇನು! ನಮ್ಮ ಬೀರಪ್ಪನ ಮುಂದ ಡೊಳ್ಳಿಗೆ ಒಂದ ಪೆಟ್ಟ ಕೊಟ್ರ ಅದಕ್ಕಿಂತ ಹೆಚ್ಚ ಮಂದಿ ಕೂಡತಾರ."

"ಹಂಗಾರ ಸಹಿ ಮಾಡಾಕ ಯಾಕ ಅಂಜತೀಯಪಾ?" ಎಂದರು ಅತ್ತೆ.

"ನೂರ ಮಂದೀಗೆ ಅಂಜೂದಿಲ್ಲರಿ. ಸೋಮವ್ವಗ ಅಂಜತೇನಿ. ನೀವು ಆಕೀನ ನೋಡಿಲ್ಲ."

ಅತ್ತೆ ನಕ್ಕರು. ಆ ಸದ್ದನ್ನು ಕೇಳಿ ಬಹಳ ದಿನಗಳಾಗಿದ್ದವು.

"ಹೆಂಗ ಬರದ್ರ ಒಪ್ಪತೀರಿ?" ಎಂದು ನಾನು ಕೇಳಿದೆ.

"ಇದ್ದಂಗ ಬರೀರಿ. ಸೋಮವ್ವ ಹೇಳಿದ್ದು, ಅಮಸಿದ್ದಪ್ಪ ಕೇಳಿದ್ದು, ಮಾಸ್ತರ ಬರಕೊಂಡದ್ದು."

ಮೂಲ ಪುಸ್ತಕ ಸಿಗದೆ, ಅದರ ಮಾತನ್ನು ಇನ್ನೊಂದು ಪುಸ್ತಕದಲ್ಲಿ ಓದಿದಾಗ ಹೀಗೆಯೇ ಬರೆಯುತ್ತೇವೆ. ಇಬ್ಬರ ಹೆಸರೂ ಬರುತ್ತದೆ. ಪತ್ರಿಕೆಯ ಕ್ರಮದಲ್ಲಿ ಅದಕ್ಕೆ ಜಾಗವಿತ್ತು. ಹೊಸ ಹಾಳೆಯ ಮೇಲೆ ಬರೆದು ಓದಿದೆ. ಸೋಮವ್ವ, ಬೇವೂರು, ಅಮಸಿದ್ದಪ್ಪ ಹೇಳಿದಂತೆ, ಮೌಖಿಕ.

"ಇನ್ನೊಮ್ಮೆ ಓದ್ರಿ."

ಓದಿದೆ.

"ಆಕಿ ಹೆಸರ ಮೊದಲ ಬಂತಲ್ಲ?"

"ಮೊದಲ ಬಂದೈತ್ರಿ."

"ಕೊಡ್ರಿ ಹಂಗಾರ."

ಅತ್ತೆ ಹಾಳೆಯನ್ನು ಪರದೆಯ ಹೊರಗೆ ಒಯ್ದು ತಂದರು. ದೊಡ್ಡ ಅಕ್ಷರದ ಸಹಿ, ಗೆರೆ ದಾಟಿ ಹೋಗಿತ್ತು.

ಅವನು ಏಳಲಿಲ್ಲ. "ಅದರಾಗ ನಿಮ್ಮ ಮಾತ ಮಾಸ್ತರ ಹಾಕ್ಯಾರೇನ್ರಿ ತಂಗಿ?" ಎಂದು ಕೇಳಿದ.

"ಯಾವ ಮಾತ್ರಿ?"

"ನೀರಿನ ಕೂಡ ಹೆಸರೂ ಹೊತಗೊಂಡ ಹೋಗೂದು ಅಂತ ಏನೋ ಇತ್ತಲ್ಲ. ಈ ಕಂಬಳಿ ಕೊಟ್ಟ ದಿನದ ಮಾತು. ಥಂಡಿ ಭಾಳಿತ್ತು. ಮಾಸ್ತರ ಅಂಗಿ ಮ್ಯಾಲ ಬಂದಿದ್ರು, ಹಲ್ಲ ಕಡ್ಯಾಕತ್ತಿದ್ರು. ಹೊಚಗೋರಿ ಅಂತ ಕೊಟ್ಟೆ. ಹೊಚಗೊಂಡ ಕೂತ ಆ ಮಾತ ಅಂದ್ರು. ನಾ ಅಂದೆ, ಚಲೋ ಹೇಳಿದ್ರಿ ಮಾಸ್ತರ. ಅವರಂದ್ರು, ನಂದಲ್ಲ ಅಮಸಿದ್ದಪ್ಪ, ನಮ್ಮ ಆಫ್ರೀನ ಬಟ್ಟಿ ಒಣಹಾಕೋತ ಅಂದದ್ದು. ಹಿಂಗ ಹೆಸರ ಹಿಡದ ಹೇಳಿದ್ರು. ಅದಕ್ಕ ನನಗ ನೆಪ್ಪ ಉಳೀತು. ಹೇಂತಿ ಹೆಸರು ಮಂದಿ ಮುಂದ ಯಾರ ಹೇಳತಾರ?"

ಬಟ್ಟೆ ಒಣಹಾಕುತ್ತ.

ಮಾಳಿಗೆಯ ಮೇಲೆ ತಂತಿ ಇದೆ. ಚಿಮಟಿಗೆಗಳ ಡಬ್ಬಿ ಇದೆ. ಅವನು ಸುಮ್ಮನೆ ಬಂದು ಒಂದೊಂದೇ ಚಿಮಟಿಗೆ ತೆಗೆದುಕೊಡುತ್ತಿದ್ದದ್ದು ಹೌದು. ಅಲ್ಲಿಯವರೆಗೆ ನೆನಪು ಬಂತು. ನಾನಂದ ಮಾತು ನೆನಪಿಗೆ ಬರಲಿಲ್ಲ. ಈಗಲೂ ಬಂದಿಲ್ಲ.

"ಹಾಕ್ಯಾರ್ರಿ" ಎಂದೆ.

ಅವನು ಕೋಲು ಊರಿ ಎದ್ದ. ಕಂಬಳಿಯನ್ನು ಅತ್ತೆಯ ಕಡೆಗೆ ಸರಿಸಿದ. "ಇದನ್ನ ಇಲ್ಲಿ ತಗೊಳ್ಳಾಕ ಬರಂಗಿಲ್ಲರಿ. ಹಟ್ಟ್ಯಾಗ ಕೊಟ್ಟ ಕಂಬಳಿ ಹಟ್ಟೀಗೇ ಬರಬೇಕು. ಒಯ್ದಾವ್ರ ಮನೀಯಾವ್ರ ಕೈಯಿಂದ ಬರಬೇಕು. ನಮ್ಮಲ್ಲಿ ಪದ್ಧತಿ ಐತಿ."

"ಆಕಿ ಇದ್ದತ್ತಿನ್ಯಾಗ ಅದಾಳಪಾ. ಹೊಚ್ಚಲ ದಾಟಂಗಿಲ್ಲ."

"ಮುಗಿಸಿಕೊಂಡ ಬರ್ಲಿ. ಕಂಬಳಿ ಏನ್ ಹಳಸತೈತೇನು?"

ಅವನು ಹೋದ ಮೇಲೆ ಅತ್ತೆ ಕಂಬಳಿ ಹಿಡಿದುಕೊಂಡು ಗೊಣಗಿದರು. "ಇಷ್ಟ ದೂರ ಬಂದಾಂವಗ ಹೆಗಲ ಮ್ಯಾಲ ಹಾಕ್ಕೊಂಡ ಹೋಗಾಕ ಏನಾಗಿತ್ತು! ಪದ್ಧತಿ ಅಂತ!" ಆದರೆ ಆ ದಿನ ಅದನ್ನು ಮೊದಲಿಗಿಂತ ಅಚ್ಚುಕಟ್ಟಾಗಿ ಮಡಚಿದರು.

ತೆಗೆದಿಟ್ಟ ವಾಕ್ಯವನ್ನು ಲೇಖನಕ್ಕೆ ತಿರುಗಿ ಹಾಕಿದೆ. ನಾನು ಕಣ್ಣಿಂದ ನೋಡದ ಎಷ್ಟೋ ಪುಸ್ತಕಗಳನ್ನು, ನೋಡಿದವರ ಮಾತು ನಂಬಿ ಪಟ್ಟಿಗೆ ಸೇರಿಸಿದ್ದೇನೆ. ನಂಬಬಹುದಾದವರು ಹೇಳಿದ್ದರೆ ಸಾಕು. ಕಂಸದೊಳಗೆ ಒಂದು ತಿದ್ದುಪಡಿ ಮಾಡಿದೆ. (ಆಫ್ರೀನ, ಅಮಸಿದ್ದಪ್ಪ ಹೇಳಿದಂತೆ, ಮೌಖಿಕ). ನನ್ನ ಒಪ್ಪಿಗೆಯನ್ನೂ ಹಾಗೆಯೇ ಬರೆದೆ. ಈ ಮಾತು ನನ್ನದೆಂದು ಅಮಸಿದ್ದಪ್ಪನವರು ಹೇಳುತ್ತಾರೆ. ಅವರಿಗೆ ಹಾಗೆ ಹೇಳಿದವರು ಲೇಖಕರು. ಅಚ್ಚು ಮಾಡಲು ಒಪ್ಪಿಗೆ ಇದೆ. ಸಹಿ ಮಾಡಿದೆ. ಯುಗಾದಿಯ ಹಿಂದಿನ ದಿನ ಎಲ್ಲವನ್ನೂ ಕಳಿಸಿದೆ.

ಅಚ್ಚಿನ ಕರಡು ಬಂದಾಗ ಅತ್ತೆಗೆ ತೋರಿಸಿದೆ. ಮಗನ ಹೆಸರನ್ನು ಬೆರಳಿನಿಂದ ಮುಟ್ಟಿದರು. ಹೆಸರಿನ ಮುಂದೆ ಒಂದು ಸಣ್ಣ ಗುರುತಿತ್ತು.

"ಇದೇನು, ಚೂರಿಯಂಗ?"

"ತೀರಿಹೋದವರ ಹೆಸರಿಗೆ ಹಾಕ್ತಾರ ಅಮ್ಮೀ."

"ಹಂಗಾರ ಸೋಮವ್ವಗ ಯಾಕ ಹಾಕಿಲ್ಲ?"

"ಬರದವರಿಗೆ ಅಷ್ಟ ಹಾಕ್ತಾರ. ಹೇಳಿದವರಿಗೆ ಹಾಕೂದಿಲ್ಲ."

ಅತ್ತೆ ಯೋಚಿಸಿದರು. "ಚಲೋ ಆತು ಬಿಡು. ಹೇಳಿದಾಕಿ ಇನ್ನೂ ಅದಾಳ ಅಂದಂಗಾತು" ಎಂದರು.

*

ಇದ್ದತ್ತು ಮುಗಿಯುವ ಹೊತ್ತಿಗೆ ಮುಂಗಾರು ಒಂದೆರಡು ಸಲ ಬಂದು ಹೋಗಿತ್ತು. ಕುರಿಗಳು ಊರಿಗೆ ತಿರುಗಿದ್ದವು. ಬೇವೂರಿಗೆಂದು ಅತ್ತೆಯೂ ನಾನೂ ಹುನಗುಂದದ ಬಸ್ಸು ಹತ್ತಿದೆವು. ಕಂಬಳಿ ನನ್ನ ತೊಡೆಯ ಮೇಲಿತ್ತು. ಅಷ್ಟು ಬಿಸಿಲು ಕಂಡರೂ ವಾಸನೆ ಹೋಗಿರಲಿಲ್ಲ. ಕಂಡಕ್ಟರ್, "ಕುರಿ ಎಲ್ಲಿ ಬಿಟ್ಟ ಬಂದ್ರಿ ಅಕ್ಕಾರ?" ಎಂದು ಕೇಳಿದ. ಅತ್ತೆ ಅವನಿಗೆ ತಕ್ಕ ಉತ್ತರ ಕೊಟ್ಟರು. ನಾನು ಕಿಟಕಿಯಿಂದ ಹೊರಗೆ ನೋಡುತ್ತಿದ್ದೆ. ಎಲ್ಲ ಬಹಳ ದೊಡ್ಡದಾಗಿ ಕಾಣುತ್ತಿತ್ತು.

ಬೇವೂರಿನಲ್ಲಿ ಮನೆ ಕೇಳಿಕೊಂಡು ಹೋದೆವು. ಅಮಸಿದ್ದಪ್ಪ ಕುರಿಗಳ ಜೊತೆ ಹೊಲಕ್ಕೆ ಹೋಗಿದ್ದ. ಅವನ ಹೆಂಡತಿ ಅಂಗಳದಲ್ಲಿ ಉಣ್ಣೆ ಹಿಂಜುತ್ತ ಕೂತಿದ್ದಳು. ಕೈಕಾಲಿಗೆ ನೀರು ಕೊಟ್ಟಳು. ಅವಳ ಹಿಂದೆ ಗೋಡೆಗುಂಟ ಕಂಬಳಿಗಳ ಒಟ್ಟಿಲು ಇತ್ತು. ಕರಿಯವು, ಬಿಳಿ ಗೆರೆಯವು, ಎಲ್ಲ ಒಂದೇ ಥರ.

"ಕಂಬಳಿ ಕೊಡಾಕ ಬಂದೇವವ್ವಾ" ಎಂದರು ಅತ್ತೆ.

"ಒಂದ ಕಂಬಳಿ ಕೊಡಾಕ ಇಳಕಲ್ಲಿಂದ ಬಂದ್ರ್ಯಾ? ನಮ್ಮ ಯಜಮಾನ ನಿಮ್ಮಲ್ಲಿಗೆ ಬಂದಿದ್ನಲ್ಲ, ಅಂವನ ಕೈಯಾಗ ಕೊಟ್ಟಿದ್ರ ಬರತಿತ್ತು."

"ಹಟ್ಟೀಗೇ ತರಬೇಕು, ಮನೀಯಾವ್ರ ತರಬೇಕು, ಪದ್ಧತಿ ಐತಿ ಅಂದ್ನಲ್ಲ?"

"ಎಂಥಾ ಪದ್ಧತಿ?" ಅವಳು ಉಣ್ಣೆಯನ್ನು ತೊಡೆಯಿಂದ ಕೊಡವಿದಳು. "ನಮ್ಮ ಅರ್ಧಾ ಕಂಬಳಿ ಬಸ್ ಸ್ಟ್ಯಾಂಡಿನ್ಯಾಗ ಕೈ ಬದಲಾಗತಾವ. ಅಂವ ಹಂಗ, ಬಾಯಿಗೆ ಬಂದದ್ದ ಹೇಳತಾನ."

ಅತ್ತೆ ನನ್ನ ಮುಖ ನೋಡಿದರು. ಅವರ ತುಟಿಯ ಮೂಲೆಯಲ್ಲಿ ನಗೆ ಇತ್ತು, ಕಣ್ಣಲ್ಲಿ ನೀರಿತ್ತು. ಇಲ್ಲದ ಪದ್ಧತಿ ಹೇಳಿ ಆ ಮುದುಕ ನನ್ನನ್ನು ಹೊಸ್ತಿಲು ದಾಟಿಸಿ ಇಷ್ಟು ದೂರ ಬರಿಸಿದ್ದ.

"ಇರಲಿ, ಬಂದದ್ದ ಚಲೋ ಆತು" ಎಂದಳು ಅವಳು. ಎದ್ದು ಎರಡೂ ಕೈ ಮುಂದೆ ಚಾಚಿದಳು. "ಭಾಳ ಮಂದಿ ಒಯ್ತಾರವ್ವಾ, ನನಗ ನೆಪ್ಪಿರೂದಿಲ್ಲ. ಯಾರ ಒಯ್ದಿದ್ರು ಇದನ್ನ?"

ಅತ್ತೆ ಬಾಯಿ ತೆರೆದರು. ಅಷ್ಟರಲ್ಲಿ ನಾನು ಕಂಬಳಿಯನ್ನು ಅವಳ ಕೈಯ ಮೇಲೆ ಇಟ್ಟಿದ್ದೆ.

"ಅಫ್ಸರ" ಎಂದೆ. "ಅಫ್ಸರ ಒಯ್ದಿದ್ರು."